ಸ್ಪ್ಯಾನಿಷ್ ಮನೆಮಾತಿನವರಿಗೆ ಇಂಗ್ಲಿಷ್: ಪಟ್ಟಿ, ಕಾರ್ಡ್, ದಿನಚರಿ

ಕೆಲಸದ ಮೇಲೆ ಮೆಕ್ಸಿಕೊದ ಗ್ವಾಡಲಹಾರಕ್ಕೆ ಬಂದ ನನಗೆ ಸ್ಪ್ಯಾನಿಷ್ ಕಲಿಸಿದವರು ಪಕ್ಕದ ಮನೆಯ ಅಜ್ಜಿ. ಪ್ರತಿಯಾಗಿ ಅವರು ಕೇಳಿದ್ದು ಇಂಗ್ಲಿಷ್. ಟೆಕ್ಸಾಸ್‌ನಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳ ಜೊತೆ ಮಾತನಾಡಬೇಕೆಂಬುದೊಂದೇ ಅವರ ಆಸೆ. ಎಂಟು ತಿಂಗಳಲ್ಲಿ ಮೂರು ವಿಧಾನ ಹಿಡಿದು ನೋಡಿದೆವು.

ಮೊದಲು ಹಿಡಿದದ್ದು ಜೋಡಿಪದಗಳ ಪಟ್ಟಿ. ನಾಸಿಯೋನ್ ಎಂದರೆ ನೇಷನ್, ಉನಿವೆರ್ಸಿದಾದ್ ಎಂದರೆ ಯೂನಿವರ್ಸಿಟಿ. ಪದದ ಬಾಲ ಬದಲಿಸಿದರೆ ಸಾಕು. 1066ರಲ್ಲಿ ಫ್ರಾನ್ಸಿನಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮೂಲಕ ಹರಿದುಬಂದ ಲ್ಯಾಟಿನ್ ಮೂಲದ ಪದರಾಶಿ ಸ್ಪ್ಯಾನಿಷ್ ಬಲ್ಲವರಿಗೆ ಪುಕ್ಕಟೆ ಸಿಗುವ ಆಸ್ತಿ. ಆದರೆ ಅವುಗಳಲ್ಲಿ ಹೆಚ್ಚಿನವು ಕಚೇರಿ ಮತ್ತು ಪತ್ರಿಕೆಗಳ ಪದಗಳು. ಮೊಮ್ಮಗ ಟಾಲರೇಟ್ ಎನ್ನುವುದಿಲ್ಲ, ಪುಟ್ ಅಪ್ ವಿತ್ ಎನ್ನುತ್ತಾನೆ. ಆ ಮೂರು ಪುಟ್ಟ ಪದಗಳ ಮುಂದೆ ಪಟ್ಟಿ ಮೂಕವಾಗುತ್ತದೆ. ಮೋಸದ ಜೋಡಿಗಳೂ ಇವೆ: ಎಂಬರಾಸ್ಡ್ ಎಂದರೆ ಮುಜುಗರಗೊಂಡವಳು, ಎಂಬರಸಾದಾ ಎಂದರೆ ಗರ್ಭಿಣಿ!

ಮೊಬೈಲಿನ ಪದಕಾರ್ಡ್‌ಗಳು ಒಂದೇ ಕೆಲಸಕ್ಕೆ ಒದಗಿದವು. ಬ್ರಿಂಗ್–ಬ್ರಾಟ್, ಗೋ–ವೆಂಟ್‌ನಂತಹ ನಿಯಮ ಮೀರಿದ ಕ್ರಿಯಾಪದಗಳು ಬಾಯಿಗೆ ಬಂದವು. ವಾಕ್ಯ ಮಾತ್ರ ಹುಟ್ಟಲಿಲ್ಲ.

ನಾನು ಮನಸಾರೆ ಮೆಚ್ಚಿದ್ದು ದಿನಚರಿಯನ್ನು. ರಾತ್ರಿ ಸ್ಪ್ಯಾನಿಷ್‌ನಲ್ಲಿ ಐದು ಸಾಲು, ಬೆಳಿಗ್ಗೆ ಅದೇ ಐದು ಸಾಲು ಇಂಗ್ಲಿಷ್‌ನಲ್ಲಿ. ಸ್ಪ್ಯಾನಿಷ್ ಇಣುಕುವ ಕಡೆ ಮಾತ್ರ ನಾನು ಅಡಿಗೆರೆ ಎಳೆಯುತ್ತಿದ್ದೆ. ಐ ಹ್ಯಾವ್ ಸೆವೆಂಟಿ ಇಯರ್ಸ್. ಪೀಪಲ್ ಈಸ್ ಗುಡ್, ಏಕೆಂದರೆ ‘ಜನ’ ಎಂಬುದಕ್ಕೆ ಅವರ ಪದವಾದ ಹೆಂತೆ ಏಕವಚನ. ಈಸ್ ರೇನಿಂಗ್, ಏಕೆಂದರೆ ಸ್ಪ್ಯಾನಿಷ್‌ನಲ್ಲಿ ಮಳೆ ಸುರಿಯಲು ಕರ್ತೃಪದ ಬೇಕಿಲ್ಲ. ತಪ್ಪು ಎಲ್ಲಿಂದ ಹುಟ್ಟುತ್ತದೆಂದು ಪಟ್ಟಿಯಾಗಲಿ ಕಾರ್ಡ್ ಆಗಲಿ ತೋರಿಸಿರಲಿಲ್ಲ.

ಇಲ್ಲಿ ಕನ್ನಡ ನೆರವಿಗೆ ಬಂತು. ಸ್ಪ್ಯಾನಿಷ್‌ನಲ್ಲಿ ವಯಸ್ಸನ್ನು ಹೊಂದಿರುತ್ತಾರೆ, ಇಂಗ್ಲಿಷ್‌ನಲ್ಲಿ ವಯಸ್ಸೇ ಆಗಿರುತ್ತಾರೆ, ನಾವು ‘ನನಗೆ ಎಪ್ಪತ್ತು’ ಎನ್ನುತ್ತೇವೆ. ಮೂರನ್ನೂ ಒಂದೇ ಪುಟದಲ್ಲಿ ಬರೆದು ತೋರಿಸಿದ ಮೇಲೆ ಆ ತಪ್ಪು ಮರುಕಳಿಸಲಿಲ್ಲ. ಮೆ ಗುಸ್ತಾ ಎಂಬುದು ನಮ್ಮ ‘ನನಗೆ ಇಷ್ಟ’ದಂತೆಯೇ ಇದೆ ಎಂದಾಗ ಅಜ್ಜಿ ಚಪ್ಪಾಳೆ ತಟ್ಟಿದರು. ನಮ್ಮೂರಿನ ಹಿರಿಯರು ಇಸ್ಕೂಲು ಎನ್ನುವಂತೆ ಅವರು ಎಸ್ಕೂಲ್ ಎನ್ನುತ್ತಾರೆ; ಅದನ್ನು ನಾನು ತಿದ್ದಲು ಹೋಗಲಿಲ್ಲ.

ಮತ್ತೆ ಆರಂಭಿಸುವುದಾದರೆ ಪಟ್ಟಿಗೆ ಎರಡು ವಾರ ಕೊಡುತ್ತೇನೆ, ಕಾರ್ಡ್‌ಗಳನ್ನು ಕ್ರಿಯಾಪದಗಳಿಗಷ್ಟೇ ಇಡುತ್ತೇನೆ, ದಿನಚರಿಯನ್ನು ಮೊದಲ ದಿನವೇ ಕೈಗೆ ಕೊಡುತ್ತೇನೆ. ಕಳೆದ ವಾರ ಅಜ್ಜಿ ಬರೆದಿದ್ದರು: ಇಟ್ ಈಸ್ ರೇನಿಂಗ್ ಅಂಡ್ ಐ ಮಿಸ್ ದೆಮ್. ಪೆನ್ನು ಹಿಡಿದು ಕುಳಿತ ನನಗೆ ಅಡಿಗೆರೆ ಎಳೆಯಲು ಜಾಗವೇ ಸಿಗಲಿಲ್ಲ.