ಸಿ8 ಅಂತ ಸಿ6 ಬೋರ್ಡ್ ಮಾರ್ತಾರ, ಕಲಬುರಗಿಯವ್ರು ಹುಷಾರ್!

ಸೂಪರ್ ಮಾರ್ಕೆಟ್ ಕಡೆ ಬ್ಲೂ ಪಿಲ್ ಅನ್ನೋ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್ ತಗೊಳ್ಳೋರು ಇದನ್ನ ಓದಿ ಹೋಗ್ರಿ. ಚಿಪ್ ಮೇಲೆ ಎಸ್‌ಟಿಎಂ32ಎಫ್103ಸಿ8ಟಿ6 ಅಂತ ಬರೆದದ, ಒಳಗಿರೋದು ಅದೇ ಜಾತಿಯ ಸಣ್ಣ ಚಿಪ್, ಸಿ6. ಸಿ8 ಅಂದ್ರ 64 ಕೆಬಿ ಫ್ಲ್ಯಾಶ್ (ಪ್ರೋಗ್ರಾಂ ಉಳಿಯೋ ಜಾಗ), 20 ಕೆಬಿ ರ್‍ಯಾಮ್. ಸಿ6ನಲ್ಲಿ ಎರಡೂ ಅರ್ಧ, 32 ಮತ್ತು 10. 280 ರೂಪಾಯಿಯಂತೆ 10 ಬೋರ್ಡ್ ತಗೊಂಡೆ, ಹತ್ತಕ್ಕ ಹತ್ತೂ ಹಂಗೇ!

ಅಂಗಡಿಯಾಗ ಯುಎಸ್‌ಬಿ ಚುಚ್ಚಿ ತೋರಿಸಿದ್ರು. ಬೋರ್ಡಿನ ಪಿಸಿ13 ಪಿನ್ನಿನ ಎಲ್‌ಇಡಿ ಮಿಣುಕಿತು. "ನೋಡ್ರಿ ಸರ, ಚಾಲೂ ಅದ." ಅಷ್ಟಕ್ಕೇ ರೊಕ್ಕ ಎಣಿಸಿ ಕೊಟ್ಟೆ, ಅದೇ ನಾಚಿಕೆ. ಆ ಮಿಣುಕೋ ಪ್ರೋಗ್ರಾಂ ಮೊದಲೇ ತುಂಬಿ ಬಂದಿರತದ, ಸಿ6 ಮ್ಯಾಲೂ ಓಡತದ. ಅದರಿಂದ ಏನೂ ಗೊತ್ತಾಗಂಗಿಲ್ಲ.

ನನ್ನ ಪಂಪ್ ಕಂಟ್ರೋಲರ್ ಪ್ರೋಗ್ರಾಂ 26 ಕೆಬಿ, ಸಿ6ನ ಫ್ಲ್ಯಾಶಿನಾಗೂ ಹಿಡಿಸತದ. ಚಿಪ್ಪಿಗೆ ತುಂಬಿದ್ದಾಯ್ತು, ಸರಿ ಕೂತದ ಅಂತ ವೆರಿಫೈನೂ ಆಯ್ತು, ರೀಸೆಟ್ ಒತ್ತಿದ್ರ ಸತ್ತಂಗ. ಬೂಟ್0 ಜಂಪರ್, 8 ಮೆಗಾಹರ್ಟ್ಸ್ ಕ್ರಿಸ್ಟಲ್, 3.3 ವೋಲ್ಟ್ ಎಲ್ಲಾ ಸರಿ. ಸಿ8ಗೆ ಕಂಪೈಲ್ ಮಾಡಿದ್ರ ಸ್ಟ್ಯಾಕ್ (ಪ್ರೋಗ್ರಾಂ ಓಡುವಾಗ ತಾತ್ಕಾಲಿಕ ಮಾಹಿತಿ ಇಡೋ ಜಾಗ) ಮೆಮೊರಿ ವಿಳಾಸ ಹೆಕ್ಸ್ 20005000ರಿಂದ ಕೆಳಗ ಇಳೀತದ. ಸಿ6ನ ರ್‍ಯಾಮ್ 20002800ಕ್ಕೇ ಮುಗೀತದ. ಇಲ್ಲದ ಜಾಗಕ್ಕ ಮೊದಲ ಪುಷ್ (ಬರೆಯೋದು), ಹಾರ್ಡ್ ಫಾಲ್ಟ್ ಅನ್ನೋ ದೊಡ್ಡ ದೋಷ, ಪ್ರೋಗ್ರಾಂ ಅಲ್ಲೇ ನಿಲ್ಲತದ.

ಕಾಲೇಜಿನ 8085 ಕಿಟ್‌ನಾಗ ಪ್ರೊಸೆಸರ್ ಬೇರೆ, 6264 ರ್‍ಯಾಮ್ ಬೇರೆ, 2764 ಇಪ್ರಾಮ್ ಬೇರೆ, ಎಷ್ಟದ ಅಂತ ಕಣ್ಣಿಗೇ ಕಾಣ್ತಿತ್ತು. ಮೈಕ್ರೊಕಂಟ್ರೋಲರ್‌ನಾಗ ಎಲ್ಲಾ ಒಂದೇ ಕರಿ ಪ್ಯಾಕೇಜಿನೊಳಗ. ಮೇಲಿನ ಅಕ್ಷರ ನಂಬಬೇಕು, ಆ ಅಕ್ಷರನೇ ಸುಳ್ಳು ಬರೆದ್ರ?

ವಾಪಸ್ ಒಯ್ದಾಗ ಮೊದಲ ಉತ್ತರ, "ನಿಮ್ಮ ಕೋಡ್ ತಪ್ಪಿರಬೇಕ್ರಿ." ಆಮ್ಯಾಲ, "ನೀವೇ ಸುಟ್ಟೀರಿ." ಸುಟ್ಟಿದ್ರ ಹತ್ತೂ ಬೋರ್ಡ್ ಒಂದೇ ಡಿವೈಸ್ ಐಡಿ (ಚಿಪ್ ತನ್ನ ಜಾತಿ ಹೇಳೋ ನಂಬರ್) ಹೇಳ್ತಾವೇನ್ರಿ? ಸ್ಕ್ರೀನ್ ಮೇಲೆ ಸಿ6ನ ಐಡಿ 412 ತೋರಿಸಿದ್ರ, "ಸಾಫ್ಟ್‌ವೇರ್ ಏನಾರ ಹೇಳತದ, ಚಿಪ್ ಮೇಲೆ ಏನ್ ಬರೆದದ ಓದ್ರಿ ಸರ." ಕಡೀಕ, "ಬಿಲ್ ಎಲ್ಲದ?" ಬಿಲ್ ಕೊಟ್ಟೇ ಇರಲಿಲ್ಲ ಅವ್ರು!

ರೊಕ್ಕ ಕೊಡೋ ಮೊದಲೇ ಚಿಪ್ ಓದೋ ಸಾಧನ ಎಸ್‌ಟಿ-ಲಿಂಕ್ ಮತ್ತು ಲ್ಯಾಪ್‌ಟಾಪ್ ಒಯ್ಯಿರಿ. 3.3, ಗ್ರೌಂಡ್, ಎಸ್‌ಡಬ್ಲ್ಯುಡಿಐಒ, ಎಸ್‌ಡಬ್ಲ್ಯುಸಿಎಲ್‌ಕೆ, ನಾಲ್ಕೇ ವೈರ್. ಅದರ ಸಾಫ್ಟ್‌ವೇರ್ ಕ್ಯೂಬ್ ಪ್ರೋಗ್ರಾಮರ್‌ನಾಗ ಕನೆಕ್ಟ್ ಒತ್ತಿದ್ರ ಡಿವೈಸ್ ಐಡಿ 410 ಬರಬೇಕು, ಅದು ಮೀಡಿಯಂ ಡೆನ್ಸಿಟಿ, ಸಿ8 ಇರೋ ಗುಂಪು. 412 ಬಂದ್ರ ಲೋ ಡೆನ್ಸಿಟಿ, ಸಿ6 ಇರೋ ಗುಂಪು, ಅಲ್ಲೇ ಬಿಟ್ಟು ಎದ್ದು ಬರ್ರಿ. 410 ಬಂದ್ರೂ ಬೇರೆ ಕಂಪನಿ ನಕಲು ಇರಬಹುದು, ಅದಕ್ಕ ನಿಮ್ಮದೇ ಪ್ರೋಗ್ರಾಂ ಒಂದು ಓಡಿಸಿ ನೋಡ್ರಿ. ಬಿಲ್‌ನಾಗ ಪೂರ್ತಿ ಚಿಪ್ ನಂಬರ್ ಬರೆಸ್ರಿ.

ಆಗ್ಲೇ ಕೊಂಡವ್ರು ಬಿಸಾಡಬ್ಯಾಡ್ರಿ. ಚಿಪ್ಪಿನ ಮೆಮೊರಿ ಎಷ್ಟದ ಅಂತ ಬರೆದಿರೋ ಲಿಂಕರ್ ಸ್ಕ್ರಿಪ್ಟ್‌ನಾಗ ಫ್ಲ್ಯಾಶ್ 32, ರ್‍ಯಾಮ್ 10 ಅಂತ ತಿದ್ದಿ ಮತ್ತೆ ಕಂಪೈಲ್ ಮಾಡ್ರಿ, ಅಷ್ಟರಾಗ ಹಿಡಿಸಿದ್ರ ಓಡತದ.