ಹನುಕ್ಕಾ ದೀಪದ ಮುಂದಿನ ಅರ್ಧ ಗಂಟೆಗೆ ಯಾವ ಹಾಡು?

ಹನುಕ್ಕಾ ಹಬ್ಬದ ಎಂಟು ಸಂಜೆಗಳಲ್ಲಿ ಹಚ್ಚುವ ದೀಪವು ಕತ್ತಲಾದ ಮೇಲೆ ಕನಿಷ್ಠ ಅರ್ಧ ಗಂಟೆ ಉರಿಯಬೇಕು ಎಂಬುದು ಯೆಹೂದಿಗಳ ನಿಯಮ. ಅಷ್ಟು ಹೊತ್ತು ಮನೆಯ ಹೆಂಗಸರು ಕೆಲಸಕ್ಕೆ ಕೈ ಹಾಕಬಾರದು ಎಂಬುದು ಬಹಳ ಮನೆಗಳ ವಾಡಿಕೆ. ಇಸ್ರೇಲಿನ ಬಾತ್ ಯಾಮ್ ಊರಿನಲ್ಲಿ ನಾನು ಆರೈಕೆ ಮಾಡುವ ಅಜ್ಜಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸುವವರು. ಒಗೆದ ಬಟ್ಟೆ ಮಡಚಲು ಹೊರಟ ನನ್ನನ್ನೂ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಆ ಅರ್ಧ ಗಂಟೆಗೆ ಯಾವ ಧ್ವನಿಮುದ್ರಿಕೆ ಹೊಂದುತ್ತದೆ ಎಂದು ಕಳೆದ ಹಬ್ಬದಲ್ಲಿ ಒಂದೊಂದು ಸಂಜೆ ಒಂದೊಂದನ್ನು ಹಾಕಿ ನೋಡಿದೆ. ಅಜ್ಜಿ ಹುಟ್ಟಿದ್ದು ಟರ್ಕಿಯ ಇಜ್ಮಿರ್‌ನಲ್ಲಿ, ಅವರ ತಾಯ್ನುಡಿ ಲಾಡಿನೋ, ಅಂದರೆ ಸ್ಪೇನ್ ಮೂಲದ ಯೆಹೂದಿಗಳ ಹಳೆಯ ಸ್ಪ್ಯಾನಿಷ್ ನುಡಿ. ತೀರಿಕೊಂಡ ಅವರ ಯಜಮಾನರು ಪೋಲೆಂಡಿನ ಕಡೆಯವರು. ಅಳಿಯನ ಮನೆತನ ಬಾಗ್ದಾದಿನದು. ಆದ್ದರಿಂದ ಒಂದೇ ಮೇಜಿನ ಸುತ್ತ ಮೂರು ಸಂಪ್ರದಾಯಗಳ ಕಿವಿಗಳಿದ್ದವು.

ಮೊದಲ ಸಂಜೆ ಹಾಕಿದ್ದು ಹೆಚ್ಚಿನವರು ಮೊದಲು ಹುಡುಕುವ 'ಮಾಓಝ್ ತ್ಸೂರ್'. 13ನೆಯ ಶತಮಾನದ ಜರ್ಮನಿಯ ಈ ಸ್ತುತಿಯಲ್ಲಿ ಪದ್ಯಗಳ ಮೊದಲಕ್ಷರಗಳನ್ನು ಕೂಡಿಸಿದರೆ ಮೊರ್ದೆಖಾಯ್ ಎಂಬ ಕವಿಯ ಹೆಸರು ಬರುತ್ತದೆ. ಎಲ್ಲರಿಗೂ ಗೊತ್ತಿರುವ ಅದರ ರಾಗದ ತುಣುಕುಗಳು ಹಳೆಯ ಜರ್ಮನ್ ಜನಪದ ಗೀತೆಯಲ್ಲೂ ಲೂಥರನ ಆರಾಧನಾ ಗೀತೆಯೊಂದರಲ್ಲೂ ಸಿಗುತ್ತವೆ. ಮಂಗಳೂರಿನ ಬಾಸೆಲ್ ಮಿಶನ್ ಪರಂಪರೆಯ ಸಭೆಯಲ್ಲಿ ಜರ್ಮನ್ ರಾಗಗಳಿಗೆ ಕನ್ನಡ ಪದಗಳನ್ನು ಹಾಡುತ್ತ ಬೆಳೆದ ನನಗೆ ಆ ನಡೆ ಪರಿಚಿತವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಆರಿಸಿದ್ದು ಆರ್ಗನ್ ಸಹಿತ ದೊಡ್ಡ ಗಾಯನ ಮೇಳದ ಮುದ್ರಣ. ಕೇಳಲು ಭವ್ಯವಾಗಿತ್ತು, ಆದರೆ ಶ್ರುತಿ ಬಹಳ ಎತ್ತರ. ಅಳಿಯ ಎರಡನೆಯ ಸಾಲಿಗೇ ದನಿ ನಿಲ್ಲಿಸಿದರು, ಅಜ್ಜಿ ತುಟಿಯನ್ನಷ್ಟೇ ಆಡಿಸಿದರು. ಇದೇ ಪದ್ಯಕ್ಕೆ ವೆನಿಸ್‌ನ ಅಶ್ಕೆನಾಝಿಗಳು, ಅಂದರೆ ಜರ್ಮನ್ ಮೂಲದ ಯೆಹೂದಿಗಳು, ಹಾಡುತ್ತಿದ್ದ ಬೇರೊಂದು ರಾಗವನ್ನು ಇಟಲಿಯ ಸಂಗೀತಕಾರ ಬೆನೆದೆತ್ತೊ ಮಾರ್ಚೆಲ್ಲೊ 1720ರ ದಶಕದಲ್ಲಿ ಸ್ವರಲಿಪಿಯಲ್ಲಿ ದಾಖಲಿಸಿದ್ದಾನೆ. ಆ ರಾಗದ ಮುದ್ರಣವನ್ನೂ ಹಾಕಿದೆ. ಸಂಗೀತವಾಗಿ ನನಗೆ ಅದೇ ಹೆಚ್ಚು ಸುಂದರ. ಆದರೆ ಬಾಯಲ್ಲಿ ಒಂದು ರಾಗ ಕೂತವರಿಗೆ ಇನ್ನೊಂದರಲ್ಲಿ ದನಿಗೂಡಿಸಲು ಆಗುವುದಿಲ್ಲ.

ಲಾಡಿನೋ ಹಾಡುಗಳಲ್ಲಿ 'ಓಚೋ ಕಾಂದೆಲಿಕಾಸ್', ಅಂದರೆ ಎಂಟು ಪುಟ್ಟ ದೀಪಗಳು, ಬಹು ಪ್ರಸಿದ್ಧ. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟವರು ಹೊತ್ತು ತಂದ ಹಾಡು ಇದು ಎಂದು ಎಷ್ಟೋ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ವಾಸ್ತವವಾಗಿ ಇದನ್ನು ರಚಿಸಿದವರು ಸರಾಯೆವೊದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಫ್ಲೋರಿ ಜಗೋಡಾ, ಅದೂ 1983ರಲ್ಲಿ. "ಇಜ್ಮಿರ್‌ನಲ್ಲಿ ಇದನ್ನು ನಾನು ಕೇಳಿಯೇ ಇಲ್ಲ ಮಗಳೇ, ನನಗೆ ಕಲಿಸಿದ್ದು ಮೊಮ್ಮಗು" ಎಂದು ಅಜ್ಜಿ ಹೇಳಿದಾಗ ನನ್ನ ಸಂದೇಹ ಪೂರ್ತಿ ಪರಿಹಾರವಾಯಿತು. ಹೊಸದಾದ ಮಾತ್ರಕ್ಕೆ ಅದು ಅವರಿಗೆ ಪರಕೀಯವಲ್ಲ, ಏಕೆಂದರೆ ಅದರ ಒಂದೊಂದು ಪದವೂ ಅವರ ಅಮ್ಮನ ಅಡುಗೆಮನೆಯದು.

ಈ ಹಾಡಿನ ಎರಡು ಮುದ್ರಣಗಳನ್ನು ಒಂದರ ಬೆನ್ನಿಗೆ ಒಂದು ಕೇಳಿಸಿದೆ. ಅಮೆರಿಕದ ಪಿಂಕ್ ಮಾರ್ಟಿನಿ ತಂಡದವರು 2010ರ ತಮ್ಮ ಹಬ್ಬದ ಹಾಡುಗಳ ಆಲ್ಬಮ್ಮಿನಲ್ಲಿ ಇದನ್ನು ತುಂಬು ವಾದ್ಯವೃಂದದೊಡನೆ ಹಾಡಿದ್ದಾರೆ. ಮೊಮ್ಮಕ್ಕಳು ಎದ್ದು ಕುಣಿದರು. ಅಜ್ಜಿ ಮಾತ್ರ ಮೆಲ್ಲಗೆ ಕಿವಿಯ ಶ್ರವಣ ಸಾಧನವನ್ನು ಕಳಚಿ ಬಾದಾಮಿಯ ತಟ್ಟೆಯ ಅಂಚಿನಲ್ಲಿಟ್ಟರು. ಆಮೇಲೆ ಫ್ಲೋರಿ ಅವರೇ ಗಿಟಾರ್ ಹಿಡಿದು ಹಾಡಿದ್ದನ್ನು ಹಾಕಿದೆ. ಒಂದು ವಯಸ್ಸಾದ ಕಂಠ, ಕೆಲವೇ ತಂತಿಗಳ ಮಿಡಿತ. ಅಜ್ಜಿ ಸಾಧನವನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, ಹಾಡಿನ ಎಣಿಕೆಯ ಜೊತೆಗೆ ಒಂದೊಂದೇ ದೀಪದ ಕಡೆಗೆ ಬೆರಳು ತೋರಿಸುತ್ತ ಹೋದರು. ವೃದ್ಧರಿರುವ ಮನೆಗೆ ಈ ಎರಡರಲ್ಲಿ ಯಾವುದು ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಅಲ್ಲಿಗೇ ಉತ್ತರ ಸಿಕ್ಕಿತು.

ಪೂರ್ವ ಯುರೋಪಿನ ಯೆಹೂದಿಗಳ ನುಡಿಯಾದ ಯಿದ್ದಿಷ್‌ನ ಸಂಗೀತದ ಕಡೆಯಿಂದ ಕ್ಲೆಝ್‌ಮ್ಯಾಟಿಕ್ಸ್ ತಂಡದ ಹನುಕ್ಕಾ ಆಲ್ಬಮ್ ಆರಿಸಿದೆ. ಅಮೆರಿಕದ ಜನಪದ ಗಾಯಕ ವುಡಿ ಗತ್ರಿ ತನ್ನ ಮಕ್ಕಳಿಗಾಗಿ ಬರೆದ ಪದಗಳಿಗೆ ಈ ತಂಡ ಹೊಸ ರಾಗ ಕಟ್ಟಿದೆ. ಗತ್ರಿಯ ಹೆಂಡತಿಯ ತಾಯಿ ಅಲೀಝಾ ಗ್ರೀನ್‌ಬ್ಲಾಟ್ ಯಿದ್ದಿಷ್ ಕವಯಿತ್ರಿ, ಅವರ ಸಹವಾಸದಿಂದಲೇ ಈ ಹಬ್ಬ ಅವನಿಗೆ ಒಲಿಯಿತು. ಪದಗಳು ಇಂಗ್ಲಿಷಿನವು, ಕ್ಲಾರಿನೆಟ್ಟು ಪಿಟೀಲುಗಳ ಉತ್ಸಾಹ ಪೂರ್ವ ಯುರೋಪಿನದು. ಮಕ್ಕಳು ತುಂಬಿದ ಮನೆಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ದೀಪದ ಮುಂದೆ ಸುಮ್ಮನೆ ಕೂರುವ ಹೊತ್ತಿಗೆ ಇದರ ವೇಗ ಹೊಂದಲಿಲ್ಲ.

ಹನುಕ್ಕಾ ನೆನೆಯುವ ವಿಜಯದ ನಾಯಕನ ಕಥೆ ಹೇಳುವ, ಸಂಗೀತಕಾರ ಹ್ಯಾಂಡಲ್‌ನ 'ಜುದಾಸ್ ಮಕಬೇಯಸ್' 1747ರಲ್ಲಿ ಲಂಡನ್ನಿನಲ್ಲಿ ಮೊದಲು ಪ್ರದರ್ಶನಗೊಂಡ ಎರಡು ಗಂಟೆಗೂ ಮೀರಿದ ಕೃತಿ. ಪೂರ್ತಿ ಕೇಳುವ ಮಾತೇ ಇಲ್ಲ. ಅದರ ವಿಜಯಗೀತೆಯ ರಾಗಕ್ಕೆ ಲೆವಿನ್ ಕಿಪ್ನಿಸ್ ಬರೆದ ಹೀಬ್ರೂ ಪದಗಳನ್ನು ಇಲ್ಲಿನ ಮಕ್ಕಳು ಶಿಶುವಿಹಾರದಲ್ಲೇ ಕಲಿಯುತ್ತಾರೆ. ಈಸ್ಟರ್ ಆರಾಧನೆಯಲ್ಲಿ ನಾನು ಹಾಡಿದ ರಾಗವನ್ನೇ ಮೊಮ್ಮಗ ಹನುಕ್ಕಾಗೆ ಹಾಡಿದಾಗ ನನ್ನ ಕಣ್ಣು ತುಂಬಿ ಬಂತು.

ಕೊನೆಗೆ ಇಸ್ರೇಲಿನ ರಾಷ್ಟ್ರೀಯ ಗ್ರಂಥಾಲಯದ ಪಿಯುತ್, ಅಂದರೆ ಯೆಹೂದಿ ಸ್ತುತಿಗೀತೆಗಳ ಸಂಗ್ರಹ. ಒಂದೇ ಸ್ತುತಿಯನ್ನು ಬೇರೆ ಬೇರೆ ಸಮುದಾಯಗಳು ಹೇಗೆ ಹಾಡುತ್ತವೆ ಎಂಬುದನ್ನು ಇದರಲ್ಲಿ ಅಕ್ಕಪಕ್ಕದಲ್ಲಿಟ್ಟು ಕೇಳಬಹುದು. ಸ್ಪೇನ್ ಮೂಲದ ಸೆಫಾರ್ದಿ ಮನೆಗಳಲ್ಲೂ ಬಾಗ್ದಾದಿನಂಥ ಪೂರ್ವದ ಯೆಹೂದಿ ಮನೆಗಳಲ್ಲೂ ದೀಪ ಹಚ್ಚಿದ ಮೇಲೆ ಹೇಳುವುದು 30ನೆಯ ಕೀರ್ತನೆ, ನಾನು ಚಿಕ್ಕಂದಿನಿಂದ ಕನ್ನಡ ಬೈಬಲ್ಲಿನಲ್ಲಿ ಓದಿದ, ಸಂಜೆಯ ಅಳು ಬೆಳಗಿನ ಹರ್ಷವಾಗುವ ಅದೇ ಕೀರ್ತನೆ. ಇಂಥ ಮುದ್ರಣಗಳಲ್ಲಿ ಧ್ವನಿ ಗರಗರ ಎನ್ನುವುದುಂಟು, ನಡುವೆ ಯಾರೋ ಕೆಮ್ಮುವುದುಂಟು, ವಾದ್ಯಗಳ ಆಸರೆಯೂ ಇರುವುದಿಲ್ಲ. ಆದರೆ ಹಾಡುವವರು ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವಾಗ ಕೇಳುವವರಿಗೂ ಸೇರಿಕೊಳ್ಳಲು ಜಾಗ ಸಿಗುತ್ತದೆ. ಬಾಗ್ದಾದಿನ ಧಾಟಿ ಕೇಳುತ್ತಲೇ ಅಳಿಯ ದನಿಗೂಡಿಸಿದರು. ಅಜ್ಜಿ ಮಾತ್ರ ತಲೆ ಅಲ್ಲಾಡಿಸಿ, ತಮ್ಮ ತಂದೆಯ ಧಾಟಿ ಹಾಗಿರಲಿಲ್ಲವೆಂದು ತಿದ್ದಿದರು.

ಶುಕ್ರವಾರ ಬಂತು. ಆ ಸಂಜೆಯಿಂದ ಯೆಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತ್ ಆರಂಭವಾದ ಮೇಲೆ ಈ ಮನೆಯಲ್ಲಿ ಫೋನನ್ನು ಮುಟ್ಟುವುದಿಲ್ಲ. ಹನುಕ್ಕಾ ದೀಪವನ್ನು ಶಬ್ಬಾತ್ ದೀಪಕ್ಕಿಂತ ಮೊದಲೇ ಹಚ್ಚಿ, ಗೋಳಿಬಜೆಯಂತೆ ಕಾಣುವ, ಜೇನು ಸುರಿದ ಬಿಮುವೆಲೋಸ್ ತಟ್ಟೆಯನ್ನು ನಡುವೆ ಇಟ್ಟುಕೊಂಡು ಎಲ್ಲರೂ ಕೂತೆವು. ಅಜ್ಜಿ ತಂದೆಯ ಧಾಟಿಯಲ್ಲೇ ಕೀರ್ತನೆ ಎತ್ತಿಕೊಂಡರು. ಅಳಿಯ ತಮ್ಮ ಧಾಟಿ ಬಿಟ್ಟು ಅವರ ಹಿಂದೆ ಹೋದರು. 'ಮಾಓಝ್ ತ್ಸೂರ್'ನ ಮೊದಲ ಪದ್ಯವನ್ನು, ಈ ಸಲ ಎಲ್ಲರಿಗೂ ಎಟುಕುವ ಶ್ರುತಿಯಲ್ಲಿ, ಎಲ್ಲರೂ ಹಾಡಿದರು. ಎಣಿಕೆಯ ಹಾಡು ಬಂದಾಗ ನಾನೂ ಉನಾ, ದೋಸ್ ಎಂದು ಎಂಟರವರೆಗೂ ತಪ್ಪದೆ ಹೇಳಿದೆ. ಈ ವರ್ಷದ ಹಬ್ಬಕ್ಕಾಗಿ ಫೋನಿನಲ್ಲಿ ಫ್ಲೋರಿ ಅವರ ಹಾಡನ್ನೂ ಗ್ರಂಥಾಲಯದ ಮುದ್ರಣಗಳನ್ನೂ ಉಳಿಸಿಕೊಂಡಿದ್ದೇನೆ. ಅಜ್ಜಿಯ ತಂದೆಯ ಧಾಟಿಯನ್ನು ಅವರ ಕಂಠದಲ್ಲೇ ಮುದ್ರಿಸಿಕೊಳ್ಳಲು ಒಪ್ಪಿಗೆಯನ್ನೂ ಕೇಳಿದ್ದೇನೆ.