ಕಲಬುರಗಿಯಲ್ಲಿ ವೀರ್ಯ ಪರೀಕ್ಷೆ: ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು

ಮೊದಲೇ ಹೇಳಿಬಿಡುತ್ತೇವೆ. ಕಲಬುರಗಿಯಲ್ಲಿ ವೀರ್ಯ ಪರೀಕ್ಷೆ ಮಾಡಿಸುವುದಿದ್ದರೆ ಫರ್ಟಿಲಿಟಿ ಸೆಂಟರ್ ಒಳಗೇ ಇರುವ ಲ್ಯಾಬ್ ಮೊದಲ ಆಯ್ಕೆ. ಎರಡನೆಯದು, ಸ್ಯಾಂಪಲ್ ಅಲ್ಲೇ ತೆಗೆದುಕೊಂಡು ಅಲ್ಲೇ ಮೈಕ್ರೋಸ್ಕೋಪಿನಡಿ ಇಡುವ ಡಯಾಗ್ನೋಸ್ಟಿಕ್ ಲ್ಯಾಬ್. ಸ್ಯಾಂಪಲ್ ತೆಗೆದುಕೊಂಡು ಬೇರೆಡೆಗೆ ಕಳಿಸುವ, ಗಲ್ಲಿಗೊಂದರಂತೆ ಎದ್ದಿರುವ ಕಲೆಕ್ಷನ್ ಸೆಂಟರ್‌ಗಳಲ್ಲಿ ರಕ್ತ ಕೊಡಿ, ಮೂತ್ರ ಕೊಡಿ, ಇದನ್ನು ಮಾತ್ರ ಕೊಡಬೇಡಿ. ಲ್ಯಾಬ್‌ಗಳ ಹೆಸರು ಹಿಡಿದು ಒಂದು, ಎರಡು ಎಂದು ನಂಬರ್ ಹಾಕುವುದಕ್ಕಿಂತ, ಕೌಂಟರ್‌ನಲ್ಲಿ ನಿಂತಾಗ ಏನು ನೋಡಬೇಕು ಎಂದು ಹೇಳುವುದೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದೇ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಬದಲಾದರೆ ರಿಪೋರ್ಟೂ ಬದಲಾಗುವ ಪರೀಕ್ಷೆ ಇದು.

ಕಲೆಕ್ಷನ್ ಸೆಂಟರ್ ಯಾಕೆ ಬೇಡ? ಸರಿಯಾದ ಟ್ಯೂಬಿನಲ್ಲಿ ಹಾಕಿದ ರಕ್ತ ಹೈದರಾಬಾದ್‌ವರೆಗೆ ಹೋದರೂ ಶುಗರ್ ರಿಪೋರ್ಟ್ ಕೆಡುವುದಿಲ್ಲ. ವೀರ್ಯಾಣುವಿನ ಚಲನೆ ಹಾಗಲ್ಲ. ಸ್ಖಲನವಾದ ಅರ್ಧ ತಾಸಿಗೆ ನೋಡಿದರೆ ಉತ್ತಮ, ಹೆಚ್ಚೆಂದರೆ ಒಂದು ತಾಸು. ಇನ್ನೂರು ಕಿಲೋಮೀಟರ್ ಪ್ರಯಾಣ ಮಾಡಿದ ಡಬ್ಬಿಯಲ್ಲಿ ಓಡುತ್ತಿದ್ದವೂ ಬಹುಪಾಲು ನಿಂತಿರುತ್ತವೆ. ರಿಪೋರ್ಟಿನಲ್ಲಿ 'ಚಲನೆ 10%' ಎಂದು ಬರುತ್ತದೆ, ಮನೆಯಲ್ಲಿ ಊಟ ಬಿಡುತ್ತಾರೆ. ಅದಕ್ಕೇ ಹಣ ಕಟ್ಟುವ ಮೊದಲು ಕೇಳಿಬಿಡಿ: "ಇಲ್ಲೇ ನೋಡ್ತೀರೇನ್ರೀ, ಹೊರಗ ಕಳಸ್ತೀರೇನ್ರೀ?" ಉತ್ತರ ತಡವರಿಸಿದರೆ ಎದ್ದು ಬನ್ನಿ.

ಇನ್ನು ಕೋಣೆಯ ವಿಚಾರ. ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಕಡೆಯ ಲ್ಯಾಬ್ ಆಗಲಿ, ಸೇಡಂ ರೋಡಿನದಾಗಲಿ, ಪ್ರತ್ಯೇಕ ಕೋಣೆ ಇದೆಯೇ ಎಂದು ಫೋನಿನಲ್ಲೇ ಕೇಳಬಹುದು. ಪೇಶಂಟ್‌ಗಳೆಲ್ಲ ಬಳಸುವ ಟಾಯ್ಲೆಟ್ ತೋರಿಸಿ, ಮೂತ್ರದ ಡಬ್ಬಿ ಕೈಗಿಡುವ ಕಡೆ ಕಾಲಿಡಬೇಡಿ. ಇದು ಬರೀ ನಾಚಿಕೆಯ ಪ್ರಶ್ನೆಯಲ್ಲ. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರೆ ಅವಸರದಲ್ಲಿ ಮೊದಲ ಹನಿಗಳು ಡಬ್ಬಿಯ ಹೊರಗೆ ಬೀಳುತ್ತವೆ. ವೀರ್ಯಾಣುಗಳು ಹೆಚ್ಚಾಗಿರುವುದು ಆ ಮೊದಲ ಪಾಲಿನಲ್ಲೇ. ಕೊನೆಯದು ಬಹುಪಾಲು ವೀರ್ಯಕೋಶದ ದ್ರವ. ಮೊದಲಿನದು ಚೆಲ್ಲಿದರೆ ಸಂಖ್ಯೆ ಅರ್ಧಕ್ಕಿಳಿದರೂ ಆಶ್ಚರ್ಯವಿಲ್ಲ. ಒಳ್ಳೆಯ ಲ್ಯಾಬ್‌ನ ಫಾರಂನಲ್ಲಿ 'ಪೂರ್ತಿ ಸಂಗ್ರಹವಾಯಿತೇ?' ಎಂಬ ಸಾಲೇ ಇರುತ್ತದೆ. ಚೆಲ್ಲಿದ್ದರೆ ಹೇಳಿಬಿಡಿ, ಇನ್ನೊಂದು ದಿನ ಕರೆಯುತ್ತಾರೆ.

ಆ ಕೋಣೆಯೊಳಗೆ ಇರಬೇಕಾದದ್ದು ಸ್ವಲ್ಪವೇ: ಒಳಗಿನಿಂದ ಬೀಳುವ ಚಿಲಕ, ಕೈ ತೊಳೆಯುವ ಬೇಸಿನ್, ಒರೆಸಿಕೊಳ್ಳಲು ಪೇಪರ್, ಹೆಸರು ಮತ್ತು ಸಮಯ ಬರೆಯಲು ಪೆನ್. ಡಬ್ಬಿ ಅಗಲ ಬಾಯಿಯದು, ವೀರ್ಯಾಣುವಿಗೆ ಹಾನಿ ಮಾಡದ ಪ್ಲಾಸ್ಟಿಕ್ಕಿನದು. ಸೋಪಿನಿಂದ ಕೈ ತೊಳೆದರೆ ನೀರು ಹಾಕಿ ಪೂರ್ತಿ ಜಾಲಿಸಿ, ಒರೆಸಿಕೊಳ್ಳಬೇಕು. ಸೋಪು, ಎಂಜಲು ವೀರ್ಯಾಣುವಿನ ಚಲನೆ ಕೆಡಿಸುತ್ತವೆ, ಕೊಬ್ಬರಿ ಎಣ್ಣೆಯೂ ಬೇಡ. ಅಂಗಡಿಯ ಮಾಮೂಲಿ ಕಾಂಡೋಮಿನಲ್ಲಿ ಹಿಡಿದು ತರುವುದೂ ಬೇಡ, ಅದರ ಲೇಪ ಚಲನೆಯನ್ನು ಕೊಲ್ಲುತ್ತದೆ.

ಮನೆಯಿಂದ ತರುತ್ತೇನೆ ಎನ್ನುವವರು ಲ್ಯಾಬ್ ಅರ್ಧ ತಾಸಿನ ಒಳಗಿದ್ದರೆ ಮಾತ್ರ ತರಲಿ. ಆಳಂದ, ಜೇವರ್ಗಿಯಿಂದ ಬಸ್ಸು ಹತ್ತಿ ತರುವ ಮಾತಲ್ಲ ಇದು. ದಾರಿಯಲ್ಲಿ ಡಬ್ಬಿ 20ರಿಂದ 37 ಡಿಗ್ರಿ ಒಳಗೆ ಇರಬೇಕು. ಮೇ ತಿಂಗಳ ಕಲಬುರಗಿಯಲ್ಲಿ ನೆರಳಿಗೇ 42 ದಾಟುವುದುಂಟು, ಬೈಕಿನ ಡಿಕ್ಕಿಯೊಳಗೆ ಕೇಳುವುದೇ ಬೇಡ. ಹಾಗಂತ ಐಸ್ ಮೇಲೆ, ಫ್ರಿಜ್ಜಿನಲ್ಲಿ ಇಟ್ಟರೂ ಕೆಡುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಹೋಗಿ ಎ.ಸಿ. ಇರುವ ಲ್ಯಾಬ್‌ನಲ್ಲೇ ಕೊಡುವುದು ಕ್ಷೇಮ. ಬೀದರ್‌ನ ಡಿಸೆಂಬರ್ ಚಳಿಯಲ್ಲಾದರೆ ಅಂಗಿಯ ಒಳಜೇಬು ಸಾಕು.

ಹಿಂದಿನ ಸ್ಖಲನವಾಗಿ ಎಷ್ಟು ದಿನ ಬಿಟ್ಟು ಕೊಡಬೇಕು? ಕನಿಷ್ಠ 2, ಗರಿಷ್ಠ 7. ಇಲ್ಲಿ ನಮ್ಮ ಭಾಗದ್ದೇ ಒಂದು ತೊಂದರೆ ಇದೆ. ಮುಂಬೈ, ಪುಣೆ, ಹೈದರಾಬಾದ್‌ಗೆ ದುಡಿಯಲು ಹೋದವರು ಯುಗಾದಿಗೋ ಶರಣಬಸವೇಶ್ವರ ಜಾತ್ರೆಗೋ ಊರಿಗೆ ಬಂದಾಗ, ಇದ್ದ ನಾಲ್ಕು ದಿನದಲ್ಲೇ ಪರೀಕ್ಷೆಯೂ ಮುಗಿಯಲಿ ಎಂದು ಬರುತ್ತಾರೆ. ವಾರಗಟ್ಟಲೆ ಸ್ಖಲನವಿಲ್ಲದೆ ಕೊಟ್ಟ ಸ್ಯಾಂಪಲ್‌ನಲ್ಲಿ ಪ್ರಮಾಣ ಜಾಸ್ತಿ, ಚಲನೆ ಕಡಿಮೆ, ಸತ್ತವು ಹೆಚ್ಚು. 'ಕೂಡಿಟ್ಟಷ್ಟೂ ಗಟ್ಟಿ' ಎಂಬ ನಂಬಿಕೆ ಬಸ್ ಸ್ಟ್ಯಾಂಡ್ ಗೋಡೆಯ 'ಗುಪ್ತ ರೋಗ' ಜಾಹೀರಾತಿನವರಿಗೆ ಲಾಭ, ರಿಪೋರ್ಟಿಗೆ ನಷ್ಟ. ಬಂದ ದಿನ ಒಮ್ಮೆ ಸ್ಖಲನವಾಗಲಿ, ಆಮೇಲೆ ಎರಡು-ಮೂರು ದಿನ ಕಳೆದು ಸ್ಯಾಂಪಲ್ ಕೊಡಲಿ.

ದಿನಾಂಕ ಹಿಡಿಯುವಾಗ ಇನ್ನೊಂದು ಲೆಕ್ಕ. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಹೊರಗೆ ಬರಲು ಇನ್ನಷ್ಟು. ಡೆಂಗಿ, ಟೈಫಾಯ್ಡ್‌ನಂಥ ಜೋರು ಜ್ವರ ಬಂದು ಹೋದವರ ಇಂದಿನ ರಿಪೋರ್ಟ್ ಅಂದಿನ ಜ್ವರದ ಕಥೆ ಹೇಳುತ್ತದೆ. ಮೂರು ತಿಂಗಳು ತಡೆದು ಮಾಡಿಸಿ. ಜಿಮ್‌ನಲ್ಲಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಹಾಕಿಸಿಕೊಂಡವರು ಅದನ್ನು ಮುಚ್ಚಿಡಬಾರದು. ಹೊರಗಿನಿಂದ ಹಾರ್ಮೋನ್ ಬಂದರೆ ಮೆದುಳು ವೃಷಣಕ್ಕೆ ಕಳಿಸುವ ಸೂಚನೆ ನಿಲ್ಲಿಸುತ್ತದೆ, ಸಂಖ್ಯೆ ಸೊನ್ನೆಗೂ ಇಳಿಯಬಹುದು. ಇಂಜೆಕ್ಷನ್ ಬಿಟ್ಟ ಮೇಲೆ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ.

ಈಗ ರಿಪೋರ್ಟ್. ಲ್ಯಾಬ್‌ನ ಬಣ್ಣ ಬಯಲಾಗುವುದು ಇಲ್ಲೇ. ಸಂಗ್ರಹಿಸಿದ ಸಮಯ, ನೋಡಿದ ಸಮಯ ಎರಡೂ ಇಲ್ಲದಿದ್ದರೆ ಅರ್ಧ ಅಂಕ ಕಳೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಮಿತಿ ಹೀಗೆ: ಪ್ರಮಾಣ 1.4 ಎಂ.ಎಲ್., ಸಾಂದ್ರತೆ ಎಂ.ಎಲ್.ಗೆ 1.6 ಕೋಟಿ, ಒಟ್ಟು ಸಂಖ್ಯೆ 3.9 ಕೋಟಿ, ಒಟ್ಟು ಚಲನೆ 42%, ಮುಂದಕ್ಕೆ ಓಡುವವು 30%, ಸರಿಯಾದ ಆಕಾರದವು 4%. ನಿಮ್ಮ ರಿಪೋರ್ಟಿನ ಬಲಗಡೆ ಈಗಲೂ '2 ಕೋಟಿಗಿಂತ ಹೆಚ್ಚು' ಎಂದಿದ್ದರೆ ಆ ಲ್ಯಾಬ್ 1999ರ ಕೈಪಿಡಿಯಲ್ಲೇ ನಿಂತಿದೆ. ಈ ಮಿತಿಗಳು ಪಾಸು-ನಪಾಸಿನ ಗೆರೆಯಲ್ಲ. ಪ್ರಯತ್ನಿಸಿದ ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರಲ್ಲೂ ನೂರಕ್ಕೆ ಐವರು ಈ ಗೆರೆಯ ಕೆಳಗೇ ಇದ್ದರು.

ಆಕಾರದ ಸಾಲನ್ನು ಬೆರಳಿಟ್ಟು ಓದಿ. 'ನಾರ್ಮಲ್ 80%' ಎಂದಿದ್ದರೆ ಸ್ಲೈಡಿಗೆ ಬಣ್ಣ ಹಾಕಿ ಈಗಿನ ಕಟ್ಟುನಿಟ್ಟಿನ ಅಳತೆಯಲ್ಲಿ ನೋಡಿಲ್ಲ ಎಂದೇ ತಿಳಿಯಿರಿ. ಆ ಅಳತೆಯಲ್ಲಿ ಆರೋಗ್ಯವಂತರಿಗೂ 5, 8, 10 ಬರುವುದು ಮಾಮೂಲು. ಸಂಖ್ಯೆಯನ್ನು ನ್ಯೂಬಾವರ್ ಚೇಂಬರ್ ಎಂಬ ಗೆರೆ ಎಳೆದ ಎಣಿಕೆಯ ಗಾಜಿನಲ್ಲಿ, ಎರಡು ಸಲ ಬೇರೆ ಬೇರೆ ತುಂಬಿ, ಪ್ರತಿ ಸಲ ಕನಿಷ್ಠ 200 ಎಣಿಸಿ ತಾಳೆ ನೋಡಬೇಕು. ಒಂದು ಹನಿ ಸ್ಲೈಡಿಗೆ ಹಾಕಿ, ಕಣ್ಣಂದಾಜಿನಲ್ಲಿ ದುಂಡು ಅಂಕಿ ಬರೆಯುವವರು ಊರಲ್ಲಿದ್ದಾರೆ. 60, 70, 80 ಎಂದು ಬರೀ ಸೊನ್ನೆಯಲ್ಲೇ ಮುಗಿಯುವ ರಿಪೋರ್ಟನ್ನು ನಾವಂತೂ ನಂಬುವುದಿಲ್ಲ.

ಮತ್ತೊಂದು ಕಿರಿಕಿರಿ 'ಪಸ್ ಸೆಲ್ 8-10', ಅಂದರೆ ಕೀವಿನ ಕೋಶ ಎಂಬ ಸಾಲು. ವೀರ್ಯದಲ್ಲಿ ಕಾಣುವ ದುಂಡು ಕೋಶಗಳಲ್ಲಿ ಬಿಳಿ ರಕ್ತಕಣವೂ ಇರಬಹುದು, ಬಲಿಯದ ವೀರ್ಯಾಣುವೂ ಇರಬಹುದು. ಪೆರಾಕ್ಸಿಡೇಸ್‌ನಂಥ ಸ್ಟೇನ್ (ಗುರುತಿಸುವ ಬಣ್ಣ) ಹಾಕದೆ ಎರಡನ್ನೂ ಖಚಿತವಾಗಿ ಬೇರ್ಪಡಿಸಲು ಬರುವುದಿಲ್ಲ. ಆ ಸ್ಟೇನ್ ಹಾಕಿ ಎಂ.ಎಲ್.ಗೆ 10 ಲಕ್ಷಕ್ಕಿಂತ ಹೆಚ್ಚು ಬಿಳಿಕಣ ಕಂಡರೆ ಸೋಂಕಿನ ಯೋಚನೆ ಮಾಡಬೇಕು. ಸ್ಟೇನ್ ಇಲ್ಲದ ಆ ಒಂದು ಸಾಲಿಗೆ ಎಷ್ಟೋ ಗಂಡಸರು ಬೇಡದ ಆಂಟಿಬಯಾಟಿಕ್ ನುಂಗುತ್ತಿದ್ದಾರೆ.

'ವೀರ್ಯಾಣು ಇಲ್ಲ' ಎಂದು ಬಂದರೆ ಕೇಳಬೇಕಾದ್ದು, ಸ್ಯಾಂಪಲ್ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಜೋರಾಗಿ ತಿರುಗಿಸಿ) ತಳ ನೋಡಿದಿರಾ ಎಂದು. ಆಮೇಲೆ ಇನ್ನೊಂದು ಸ್ಯಾಂಪಲ್ ಕೊಡಬೇಕು. ಪ್ರಮಾಣವೂ ಕಡಿಮೆ ಇದ್ದು, ಪಿಎಚ್ (ಆಮ್ಲೀಯತೆಯ ಅಳತೆ) 7.2ಕ್ಕಿಂತ ಇಳಿದು, ಫ್ರಕ್ಟೋಸ್ ಎಂಬ ಸಕ್ಕರೆ ಇಲ್ಲವೆಂದರೆ ದಾರಿಯಲ್ಲಿ ಅಡೆತಡೆ ಇರಬಹುದು, ಅದು ಯೂರಾಲಜಿಸ್ಟ್ ಕೆಲಸ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ವೀರ್ಯ ಹಿಮ್ಮುಖವಾಗಿ ಮೂತ್ರಕೋಶಕ್ಕೆ ಹೋಗುವುದುಂಟು. ಸ್ಖಲನದ ನಂತರದ ಮೂತ್ರ ನೋಡಿದರೆ ಗೊತ್ತಾಗುತ್ತದೆ. ಇದನ್ನು ಕೇಳಿದ ತಕ್ಷಣ ಅರ್ಥ ಮಾಡಿಕೊಳ್ಳುವ ಲ್ಯಾಬ್ ಸಿಕ್ಕರೆ ಬಿಡಬೇಡಿ.

ವಾಸೆಕ್ಟಮಿ (ಗಂಡಸರ ಸಂತಾನ ನಿಯಂತ್ರಣದ ಆಪರೇಷನ್) ಮಾಡಿಸಿಕೊಂಡವರಿಗೂ ಇದೇ ಪರೀಕ್ಷೆ, ಉದ್ದೇಶ ಉಲ್ಟಾ. ಆಪರೇಷನ್ ಆದ ದಿನವೇ ಕೆಲಸ ಮುಗಿಯಿತೆಂದುಕೊಂಡು ಎಡವುವವರು ಹೆಚ್ಚು. ನಾಳದ ಮುಂದಿನ ಭಾಗದಲ್ಲಿ ಉಳಿದವು ಖಾಲಿಯಾಗಲು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಕಾಂಡೋಮ್. ಮೂರು ತಿಂಗಳಿಗೆ ಕೊಟ್ಟ ಸ್ಯಾಂಪಲ್‌ನಲ್ಲಿ ಓಡಾಡುವ ವೀರ್ಯಾಣು ಒಂದೇ ಒಂದು ಕಂಡರೂ ಕಾಂಡೋಮ್ ಮುಂದುವರಿಸಿ, ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ, ಅವರು ಹೇಳಿದ ದಿನ ಮತ್ತೆ ಸ್ಯಾಂಪಲ್ ಕೊಡಬೇಕು. ಈ ಪರೀಕ್ಷೆಗೆ ಆಕಾರದ ಲೆಕ್ಕ ಬೇಕಿಲ್ಲ. 'ವಾಸೆಕ್ಟಮಿ ನಂತರದ್ದು' ಎಂದು ಕೌಂಟರ್‌ನಲ್ಲೇ ಬರೆಸಿ, ಪೂರ್ತಿ ಪ್ಯಾಕೇಜಿನ ದುಡ್ಡು ಕಟ್ಟಬೇಡಿ.